ಕೆಚ್ಚಲಿನ ತೂಬು

ನಮ್ಮ ಕೋಲಾರದ ಕಡೆ ಇಬ್ಬರು ಹೆಂಗಸರು ಸೇರಿದರೆ ಮೊದಲು ಮಳೆಯ ಮಾತು, ಆಮೇಲೆ ಹಾಲಿನ ಮಾತು. ಮಳೆ ಸಾಮಾನ್ಯವಾಗಿ ಬಂದಿರುವುದಿಲ್ಲವಾದ್ದರಿಂದ ಆ ಮಾತು ಬೇಗ ಮುಗಿಯುತ್ತದೆ. ಹಾಲಿನದು ಮುಗಿಯುವುದಿಲ್ಲ. ಡೈರಿಯಲ್ಲಿ ಡಿಗ್ರಿ ಎಷ್ಟು ಬಂತು, ಬೂಸಾ ಮೂಟೆಗೆ ಎಷ್ಟಾಯಿತು, ಯಾರ ಮನೆ ಹಸು ಕರು ಹಾಕಿತು, ಹೀಗೆ. ಮಾಲೂರಿನ ಹಳ್ಳಿಯಲ್ಲಿ ಹುಟ್ಟಿ, ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ ಎಂದು ಮೂರು ತಾಲ್ಲೂಕುಗಳಲ್ಲಿ ಪಾಠ ಹೇಳಿರುವ ನನಗೆ ಈ ಮಾತುಗಳೆಲ್ಲ ಬಾಯಿಪಾಠ. ಆದರೆ ಈಚಿನ ವರ್ಷಗಳಲ್ಲಿ ಪೋಷಕರ ಸಭೆ ಮುಗಿದ ಮೇಲೆ ತಾಯಂದಿರು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ಒಂದು ಹೊಸ ಪ್ರಶ್ನೆ ಕೇಳುತ್ತಾರೆ.

"ಟೀಚರಮ್ಮ, ಹಸೂಗೆ ಇಂಜೆಕ್ಷನ್ ಚುಚ್ಚಿ ಹಾಲು ಕರೀತಾರಂತಲ್ಲ, ಅದರಲ್ಲಿರೋ ಹಾರ್ಮೋನಿಂದಾನೇ ಹೆಣ್ಣುಮಕ್ಕಳು ಐದನೇ ಕ್ಲಾಸಿಗೆಲ್ಲ ದೊಡ್ಡವರಾಗ್ತಾ ಇರೋದಂತೆ. ನಮ್ಮ ಹುಡುಗೀಗೆ ಹಾಲು ಕೊಡೋದು ಬಿಟ್ಟುಬಿಟ್ಟಿದೀವಿ."

ಹುಡುಗನಿಗೆ? ಹುಡುಗನಿಗೆ ಕೊಡುತ್ತಾರೆ. ಅವನು ಬೆಳೆಯಬೇಕಲ್ಲ!

ನಾನು ಬಿ.ಎ., ಬಿ.ಎಡ್. ಮಾಡಿದವಳು, ಸಮಾಜ ಪಾಠದವಳು. ಹಾರ್ಮೋನು ನನ್ನ ಪೀರಿಯಡ್ಡಿಗೆ ಬರುವ ವಿಷಯವಲ್ಲ. ಆದರೆ ಅಕ್ಬರನಿಗೆ ಇತಿಹಾಸ ಇರುವ ಹಾಗೆ ಹಾಲಿಗೂ ಹಾರ್ಮೋನಿಗೂ ಇತಿಹಾಸ ಇರಲೇಬೇಕಲ್ಲವೆ? ಆ ದಾರಿಯಲ್ಲಿ ಹುಡುಕುತ್ತಾ ಹೋದೆ. ಹೋದ ದಾರಿ ನಮ್ಮ ದನದ ಕೊಟ್ಟಿಗೆಯಿಂದ ಲಂಡನ್ನಿಗೆ ಹೋಗಿ, ನಂದಿಬೆಟ್ಟ ಹತ್ತಿ ಇಳಿದು, ಹೆರಿಗೆ ವಾರ್ಡಿಗೆ ಬಂದು ನಿಂತಿತು.

ಕೊಟ್ಟಿಗೆಯಿಂದಲೇ ಶುರು ಮಾಡುತ್ತೇನೆ. ಹಾಲು ಪ್ಯಾಕೆಟ್ಟಿನಲ್ಲೇ ಹುಟ್ಟುತ್ತದೆ ಎಂದುಕೊಂಡಿರುವ ಪೇಟೆಯ ಸೋದರಿಯರಿಗೆ ಒಂದು ವಿಷಯ ಹೇಳಬೇಕು. ಕೆಚ್ಚಲು ತುಂಬಿದ್ದರೂ ಹಸು ತಾನಾಗಿ ಕೊಡದೆ ಹಾಲು ಬರುವುದಿಲ್ಲ. ಕೆಚ್ಚಲಿನ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲು ಒಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಲ್ಲಿ ಕೂತಿರುತ್ತದೆ. ಎಷ್ಟು ಹಿಂಡಿದರೂ ಅದು ಕೆಳಗಿಳಿಯುವುದಿಲ್ಲ. ಕರು ಬಿಡಬೇಕು, ಅದು ಕೆಚ್ಚಲಿಗೆ ಗುಮ್ಮಿ ಗುಮ್ಮಿ ನಾಲ್ಕು ಗುಟುಕು ಚೀಪಬೇಕು, ಹಸು ಕರುವನ್ನು ನೆಕ್ಕಬೇಕು. ಆಗ ಮೊಲೆಗಳು ಬಿಗಿಯುತ್ತವೆ, ಹಾಲು ಇಳಿಯುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಸೊರೆ ಬಿಡುವುದು ಎನ್ನುತ್ತಿದ್ದರು. ತೆಲುಗು ಮಾತಾಡುವ ಮನೆಗಳಲ್ಲಿ ಚೇಪು ಎನ್ನುತ್ತಾರೆ. ಸೊರೆ ಬಿಟ್ಟಾಗ ಅಜ್ಜಿ ಕರುವನ್ನು ಎಳೆದು ಗೂಟಕ್ಕೆ ಕಟ್ಟಿ ಚೊಂಬು ಹಿಡಿದು ಕೂರುತ್ತಿದ್ದಳು. ಆ ಹೊತ್ತಿನಲ್ಲಿ ನಾವು ಮಕ್ಕಳು ಕೊಟ್ಟಿಗೆಯಲ್ಲಿ ಕಿರುಚುವ ಹಾಗಿಲ್ಲ. ಹೊಸಬರು ಒಳಗೆ ಕಾಲಿಡುವ ಹಾಗಿಲ್ಲ. ಹಸು ಬೆದರಿದರೆ ಹಾಲು ಕಳ್ಳತನ ಮಾಡುತ್ತೆ, ಮೇಲಕ್ಕೆ ಎಳೆದುಕೊಳ್ಳುತ್ತೆ ಎನ್ನುತ್ತಿದ್ದಳು ಅಜ್ಜಿ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸು ಆ ಹುಲ್ಲಿನ ಕರುವನ್ನು ನೆಕ್ಕುತ್ತಾ ಸೊರೆ ಬಿಡುತ್ತಿತ್ತು. ನೋಡಲಾಗುತ್ತಿರಲಿಲ್ಲ. ಆದರೂ ಹಾಲು ಬರುತ್ತಿತ್ತು.

ಇದರಲ್ಲಿ ನಡೆಯುವುದು ಏನು? ಕರು ಚೀಪಿದ ಸುದ್ದಿ ನರಗಳ ದಾರಿಯಲ್ಲಿ ಬೆನ್ನುಹುರಿಗೆ, ಅಲ್ಲಿಂದ ಮೆದುಳಿನ ತಳದಲ್ಲಿರುವ ಹೈಪೊಥಲಮಸ್ಸಿಗೆ ಮುಟ್ಟುತ್ತದೆ. ಅದರ ಕೆಳಗೆ ತೂಗುತ್ತಿರುವ ಪುಟ್ಟ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ರಕ್ತದ ಜೊತೆ ಅದು ಕೆಚ್ಚಲಿಗೆ ಬಂದು, ಹಾಲಿನ ಗೂಡುಗಳ ಸುತ್ತ ಬಲೆಯ ಹಾಗೆ ಹಬ್ಬಿರುವ ಸಣ್ಣ ಸ್ನಾಯುಗಳನ್ನು ಬಿಗಿಯುತ್ತದೆ. ಗೂಡು ಹಿಂಡಿದಂತಾಗಿ ಹಾಲು ಕೆಳಗಿಳಿಯುತ್ತದೆ. ಇಷ್ಟಕ್ಕೆಲ್ಲ ಒಂದು ನಿಮಿಷ ಸಾಕು. ಏಳೆಂಟು ನಿಮಿಷದಲ್ಲಿ ಅದರ ಜೋರು ಮುಗಿದುಹೋಗುತ್ತದೆ. ಅದಕ್ಕೇ ಹಾಲು ಕರೆಯುವವರು ನಡುವೆ ಎದ್ದು ಹೋಗಿ ಹರಟೆ ಹೊಡೆಯುವುದಿಲ್ಲ.

ನಮ್ಮದು ಕೆರೆಗಳ ಜಿಲ್ಲೆ. ಕೆರೆಯಲ್ಲಿ ನೀರಿದ್ದ ಮಾತ್ರಕ್ಕೆ ಗದ್ದೆಗೆ ಬರುವುದಿಲ್ಲ, ನೀರುಗಂಟಿ ಬಂದು ತೂಬು ಎತ್ತಬೇಕು. ಯಾವ ಗದ್ದೆಗೆ ಎಷ್ಟು ಎಂದು ನೋಡಿ ಮತ್ತೆ ಮುಚ್ಚಲೂ ಬೇಕು. ದೇಹದಲ್ಲಿ ಹೈಪೊಥಲಮಸ್ಸು ಮಾಡುವ ಕೆಲಸ ಅದೇ. ಗಂಟಲಿನ ಥೈರಾಯ್ಡಿಗೂ, ಅಂಡಾಶಯಕ್ಕೂ ಅದು ಪಿಟ್ಯುಟರಿಯ ಮೂಲಕ ಅಪ್ಪಣೆ ಕಳಿಸುತ್ತದೆ. ಆ ಗ್ರಂಥಿಗಳ ರಸ ಸಾಕಷ್ಟು ಆಯಿತು ಎಂಬ ಸುದ್ದಿ ರಕ್ತದಲ್ಲೇ ವಾಪಸು ಬಂದ ಕೂಡಲೇ ಅಪ್ಪಣೆ ತಗ್ಗಿಸುತ್ತದೆ. ಕೆರೆಯ ನೀರುಗಂಟಿಗೆ ಗೌಡರ ಗದ್ದೆ, ಬಡವನ ಗದ್ದೆ ಎಂಬ ಭೇದ ಇದ್ದೀತು. ಇವನಿಗೆ ಇಲ್ಲ.

ಈ ಏರ್ಪಾಟು ಮನುಷ್ಯರಿಗೆ ಗೊತ್ತಾಗಿ ನೂರು ವರ್ಷದ ಮೇಲೆ ಸ್ವಲ್ಪ ಆಯಿತು, ಅಷ್ಟೇ. ಅಲ್ಲಿಯವರೆಗೆ ದೇಹದಲ್ಲಿ ಸುದ್ದಿ ಹೋಗುವುದೆಲ್ಲ ನರಗಳಲ್ಲೇ ಎಂದು ದೊಡ್ಡ ದೊಡ್ಡವರು ನಂಬಿದ್ದರು. 1902ರ ಜನವರಿಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು ನಾಯಿಯೊಂದರ ಕರುಳಿನ ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಕ್ಕೆ ಆಮ್ಲ ಬಿಟ್ಟರು. ನರವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ತನ್ನ ರಸ ಸುರಿಸಿತು! ಆ ಕರುಳಿನ ಒಳಪದರವನ್ನು ಕೆರೆದು ಅರೆದು ರಕ್ತಕ್ಕೆ ಕೊಟ್ಟರೂ ಹಾಗೆಯೇ ಆಯಿತು. ಸುದ್ದಿ ರಕ್ತದಲ್ಲಿ ಹೋಗಿತ್ತು. ಅವರು ಸೆಕ್ರಿಟಿನ್ ಎಂದು ಕರೆದ ಆ ವಸ್ತುವಿನ ಜಾತಿಗೆಲ್ಲ 1905ರಲ್ಲಿ ಸ್ಟಾರ್ಲಿಂಗ್ ಹಾರ್ಮೋನ್ ಎಂಬ ಹೆಸರು ಬಳಸಿದರು. ಗ್ರೀಕಿನಲ್ಲಿ ಅದಕ್ಕೆ ಕೆರಳಿಸು, ಹೊರಡಿಸು ಎಂಬ ಅರ್ಥವಂತೆ. ಬೇಲಿಸ್ ಸ್ಟಾರ್ಲಿಂಗರ ತಂಗಿಯ ಗಂಡ. ಭಾವಮೈದುನರು ಜಮೀನಿನ ವ್ಯಾಜ್ಯ ಬಿಟ್ಟು ಬೇರೆ ಕೆಲಸವನ್ನೂ ಒಟ್ಟಿಗೆ ಮಾಡಬಲ್ಲರು ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು.

ಮರುವರ್ಷ, 1906ರಲ್ಲಿ, ಅದೇ ಲಂಡನ್ನಿನಲ್ಲಿ ಹೆನ್ರಿ ಡೇಲ್ ಪಿಟ್ಯುಟರಿಯ ಹಿಂಭಾಗದ ರಸದಿಂದ ಬೆಕ್ಕಿನ ಗರ್ಭಕೋಶ ಬಿಗಿಯುವುದನ್ನು ಕಂಡರು. ಮೂರೇ ವರ್ಷದಲ್ಲಿ ಅದನ್ನು ಹೆರಿಗೆಯಲ್ಲಿ ಬಳಸಲು ತೊಡಗಿದರು. 1910ರಲ್ಲಿ ಅಮೆರಿಕದ ಆಟ್ ಮತ್ತು ಸ್ಕಾಟ್ ಅದೇ ರಸವನ್ನು ಆಡಿಗೆ ಚುಚ್ಚಿ ಹಾಲು ಇಳಿದದ್ದನ್ನು ನೋಡಿದರು. ಹೆರಿಸುವ ರಸವೂ ಹಾಲು ಇಳಿಸುವ ರಸವೂ ಒಂದೇ ಎನ್ನುವುದು ಹೀಗೆ ತಿಳಿಯುತ್ತಾ ಬಂತು. ನ್ಯೂಯಾರ್ಕಿನ ವಿನ್ಸೆಂಟ್ ಡು ವಿನ್ಯೋ ಅದರಲ್ಲಿ 9 ಅಮೈನೋ ಆಮ್ಲಗಳಿವೆ ಎಂದು 1953ರಲ್ಲಿ ಬಿಡಿಸಿ ತೋರಿಸಿ, ಪ್ರಯೋಗಶಾಲೆಯಲ್ಲೇ ಅದನ್ನು ತಯಾರಿಸಿ, 1955ರ ನೊಬೆಲ್ ಬಹುಮಾನ ಪಡೆದರು. ನನಗೆ ಇವರೆಲ್ಲರಿಗಿಂತ ಹಿಡಿಸಿದವರು ಈಲಿ ಮತ್ತು ಪೀಟರ್ಸನ್. 1941ರಲ್ಲಿ ಇವರು ಹಾಲು ಕರೆಯುವ ಹೊತ್ತಿಗೆ ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲ ಊದಿ ಪಟಾರೆಂದು ಒಡೆದರು. ಹಸು ಬೆದರಿತು, ಹಾಲು ನಿಂತಿತು. ಭಯವಾದಾಗ ಸುರಿಯುವ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಆಕ್ಸಿಟೋಸಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ನಮ್ಮ ಅಜ್ಜಿಯ ಗದರಿಕೆಯ ಹಿಂದೆ ಇದ್ದದ್ದೂ ಅದೇ.

ಹಾಲಿನ ಜೊತೆಗೇ ರೇಷ್ಮೆಯನ್ನೂ ಹೇಳದಿದ್ದರೆ ಶ್ರೀನಿವಾಸಪುರದ ಗೆಳತಿಯರು ಬೇಸರ ಮಾಡಿಕೊಳ್ಳುತ್ತಾರೆ. ಹುಳು ಸಾಕುವ ಮನೆಗಳಲ್ಲಿ ಒಂದನೇ ಜ್ವರ, ಎರಡನೇ ಜ್ವರ ಎಂದು ಲೆಕ್ಕ ಹಾಕುತ್ತಾರಲ್ಲ, ಸೊಪ್ಪು ಬಿಟ್ಟು ತಲೆ ಎತ್ತಿ ನಿಂತ ಹುಳು ಪೊರೆ ಕಳಚುವುದು, ಅದನ್ನು ನಡೆಸುವುದೂ ಒಂದು ಹಾರ್ಮೋನೇ. ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 1954ರಲ್ಲಿ 500 ಕಿಲೋ ರೇಷ್ಮೆ ಕೋಶಾವಸ್ಥೆಯ ಹುಳುಗಳಿಂದ ಅದನ್ನು ತೆಗೆದಾಗ ಸಿಕ್ಕಿದ್ದು 25 ಮಿಲಿಗ್ರಾಂ. ಅರ್ಧ ಟನ್ನಿಗೆ ಒಂದು ಚಿಟಿಕೆಯೂ ಇಲ್ಲ! ಎಳೆತನದ ಹಾರ್ಮೋನು ಇನ್ನೊಂದಿದೆ. ಅದು ಇರುವವರೆಗೆ ಹುಳು ಎಷ್ಟು ಪೊರೆ ಕಳಚಿದರೂ ಹುಳುವೇ. ಅದು ತಗ್ಗಿದ ಮೇಲೆ ಹಣ್ಣಾಗಿ ಚಂದ್ರಿಕೆ ಹತ್ತುತ್ತದೆ.

ಮತ್ತೆ ಹಾಲಿಗೆ ಬರೋಣ. ಸೊರೆ ಬಿಡದ ಹಸುವನ್ನು ಬಲವಂತ ಮಾಡುವ ಕೆಟ್ಟ ಬುದ್ಧಿ ಇಂಜೆಕ್ಷನ್ನಿನಿಂದ ಶುರುವಾದದ್ದಲ್ಲ. ಸುಮಾರು 2400 ವರ್ಷದ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಿಥಿಯನ್ ಜನರಲ್ಲಿ ಒಬ್ಬ ಮೂಳೆಯ ಕೊಳವೆಯಿಂದ ಹೆಣ್ಣು ಕುದುರೆಯ ಜನನಾಂಗಕ್ಕೆ ಗಾಳಿ ಊದುತ್ತಿದ್ದನಂತೆ, ಇನ್ನೊಬ್ಬ ಹಾಲು ಕರೆಯುತ್ತಿದ್ದನಂತೆ. ಕಲ್ಕತ್ತೆಯ ಗೌಳಿಗರಲ್ಲಿ ಇದೇ ಕ್ರೌರ್ಯಕ್ಕೆ ಫೂಕಾ ಎಂಬ ಹೆಸರಿತ್ತು. ಓದುವುದಕ್ಕೆ ಅಸಹ್ಯವಾಗುತ್ತದೆ, ಬರೆಯುವುದಕ್ಕೂ. ಆದರೆ ಅದು ಯಾಕೆ ಫಲ ಕೊಡುತ್ತಿತ್ತು ಎಂದು ಇಂದು ಗೊತ್ತಿದೆ. ಹೆರಿಗೆಯಲ್ಲಿ ಮಗು ಕೆಳಗಿಳಿದು ದಾರಿ ಹಿಗ್ಗಿದಾಗ ಮೆದುಳಿಗೆ ಸುದ್ದಿ ಹೋಗಿ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಅದರಿಂದ ನೋವು ಹೆಚ್ಚುತ್ತದೆ, ನೋವು ಹೆಚ್ಚಿದಷ್ಟೂ ಮತ್ತಷ್ಟು ಆಕ್ಸಿಟೋಸಿನ್, ಮಗು ಹೊರಗೆ ಬರುವವರೆಗೂ ಹೀಗೆಯೇ. ಗಾಳಿ ಊದಿ ಆ ಮೂಕಪ್ರಾಣಿಯ ದೇಹಕ್ಕೆ ಕರು ಹುಟ್ಟುತ್ತಿದೆ ಎಂದು ಮೋಸ ಮಾಡುತ್ತಿದ್ದರು.

ಈ ಫೂಕಾ ಗಾಂಧೀಜಿಯ ಜೀವನದಲ್ಲೂ ಬಂದಿದೆ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿದ್ದಾಗ, 1912ರಲ್ಲಿ, ಅವರು ಹಾಲು ಬಿಟ್ಟರು. ಕಲ್ಕತ್ತೆಯಲ್ಲಿ ಹಸು ಎಮ್ಮೆಗಳಿಗೆ ಕೊಡುವ ಹಿಂಸೆಯ ವಿಷಯ ಓದಿದ್ದು ಅದಕ್ಕೆ ಒಂದು ಕಾರಣ. 1918ರಲ್ಲಿ ಖೇಡಾದ ಕೆಲಸದ ನಂತರ ಕಾಯಿಲೆ ಬಿದ್ದು ಪ್ರಾಣಕ್ಕೇ ಬಂದಾಗ, ಹಾಲು ಕುಡಿಯದೆ ಮೈಗೆ ಶಕ್ತಿ ಬರುವುದಿಲ್ಲ ಎಂದರು ಡಾಕ್ಟರು. ಇವರು ಒಪ್ಪಲಿಲ್ಲ. ಆಗ ದಾರಿ ತೋರಿಸಿದ್ದು ಕಸ್ತೂರ್ ಬಾ. ನಿಮ್ಮ ವ್ರತ ಹಸು ಎಮ್ಮೆಯ ಹಾಲಿಗೆ ತಾನೆ, ಆಡಿನ ಹಾಲು ಕುಡಿಯಬಹುದಲ್ಲ ಎಂದರು. ಆಡಿನ ಹಾಲಿಗೆ ಗಾಂಧೀಜಿ ಹೆಸರುವಾಸಿಯಾದರು. ಅದನ್ನು ಹೇಳಿಕೊಟ್ಟವರ ಹೆಸರನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ವ್ರತದ ಅಕ್ಷರ ಉಳಿಸಿಕೊಂಡೆ, ಆತ್ಮ ಕಳೆದುಕೊಂಡೆ ಎಂದು ಗಾಂಧೀಜಿ ಮಾತ್ರ ಕೊನೆಯವರೆಗೂ ಕೊರಗಿದರು.

1927ರಲ್ಲಿ ಅವರು ಆರೋಗ್ಯ ಕೆಟ್ಟು ನಂದಿಬೆಟ್ಟಕ್ಕೆ ಬಂದರು. ಏಪ್ರಿಲ್‌ನಿಂದ ಜೂನ್ ಮೊದಲವರೆಗೆ ಅಲ್ಲಿದ್ದರು. ನಂದಿ ಆಗ ಕೋಲಾರ ಜಿಲ್ಲೆಯದು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ನಮ್ಮದೇ ಆಗಿತ್ತು. ಬೆಟ್ಟ ಇಳಿದು ಬೆಂಗಳೂರಿಗೆ ಹೋದವರು ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ದಿನಗಟ್ಟಲೆ ವಿದ್ಯಾರ್ಥಿಯ ಹಾಗೆ ಹೋಗಿ ಹಸು ಸಾಕುವುದನ್ನು ಕಲಿತರು. 1923ರಲ್ಲಿ ಆರಂಭವಾದ ಸಂಸ್ಥೆ ಅದು, ಆಡುಗೋಡಿಯಲ್ಲಿ ಈಗಲೂ ಇದೆ. ಹಸುವಿನ ಹಾಲು ಬಿಟ್ಟ ಮನುಷ್ಯ ಹಸು ಸಾಕುವುದನ್ನು ಕಲಿಯಲು ಯಾಕೆ ಹೋಗಬೇಕಿತ್ತು ಎಂದು ಒಬ್ಬ ಹುಡುಗ ಕ್ಲಾಸಿನಲ್ಲಿ ಕೇಳಿದ. ಹಿಂಸೆ ಇಲ್ಲದೆ ಹಾಲು ಪಡೆಯುವುದು ಸಾಧ್ಯವೆ ಎಂದು ತಿಳಿಯುವುದಕ್ಕೆ ಇರಬಹುದಪ್ಪ ಎಂದೆ.

ಫೂಕಾ ಇವತ್ತು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಅದರ ಹೆಸರನ್ನೇ ಹಾಕಿದ್ದಾರೆ. ಹಾಲಿಗಾಗಿ ಪ್ರಾಣಿಯ ಆರೋಗ್ಯ ಕೆಡುವಂತೆ ಯಾವ ವಸ್ತುವನ್ನು ಚುಚ್ಚಿದರೂ ಅದೇ ಶಿಕ್ಷೆ. ಎರಡು ವರ್ಷದವರೆಗೆ ಜೈಲಾಗಬಹುದು. ಆದರೂ ಚುಚ್ಚುವವರಿದ್ದಾರೆ.

ಯಾಕೆ ಎಂದು ಕೇಳಿದರೆ ನಮ್ಮ ಜಿಲ್ಲೆಯ ಕಥೆಯನ್ನೇ ಹೇಳಬೇಕು. ನದಿ ಇಲ್ಲದ ಸೀಮೆ, ಕೆರೆ ಬತ್ತಿದ ಮೇಲೆ ಬೆಳೆ ಇಲ್ಲ. ಆಗ ಮನೆ ನಡೆಸಿದ್ದು ಸೀಮೆಹಸು. ನೆಹರೂ ಕಾಲದಲ್ಲಿ ಕೇಂದ್ರದಲ್ಲಿ ಕೃಷಿ ಉಪಮಂತ್ರಿಯಾಗಿದ್ದ ನಮ್ಮವರೇ ಆದ ಎಂ.ವಿ. ಕೃಷ್ಣಪ್ಪನವರ ಹೆಸರನ್ನು ಹಳಬರು ಸೀಮೆಹಸುವಿನ ಜೊತೆಗೇ ಹೇಳುತ್ತಾರೆ. 1987ರಲ್ಲಿ ಬೆಂಗಳೂರಿನ ಒಕ್ಕೂಟದಿಂದ ಬೇರೆಯಾಗಿ ಕೋಲಾರಕ್ಕೇ ಹಾಲು ಒಕ್ಕೂಟವಾಯಿತು. ಊರೂರಿಗೆ ಡೈರಿ ಬಂತು. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಎಷ್ಟು ಹೆಣ್ಣುಮಕ್ಕಳ ಫೀಜು ಕಟ್ಟಿದ್ದಾರೆ ಎನ್ನುವುದನ್ನು ನನ್ನಂಥ ಟೀಚರುಗಳು ಬಲ್ಲೆವು. ಸೀಮೆಹಸು ಕರುವಿಲ್ಲದೆಯೂ, ಕೆಚ್ಚಲು ತೊಳೆದು ಕೈ ಹಾಕಿದರೆ, ಸೊರೆ ಬಿಡುತ್ತದೆ. ನಾಟಿ ಹಸು, ಎಮ್ಮೆ ಹಾಗಲ್ಲ, ಅವಕ್ಕೆ ಕರು ಬೇಕು. ಗಂಡು ಕರುವನ್ನು ಸಾಕುವವರಿಲ್ಲ, ಹಾಲು ಸಾಲದೆ ಸಾಯುವ ಕರುಗಳೂ ಉಂಟು. ಕರು ಹೋಯಿತು, ಹಸು ಒದೆಯುತ್ತದೆ, ಡೈರಿಯ ಹೊತ್ತಾಯಿತು. ಆಗ ಲೇಬಲ್ಲಿಲ್ಲದ ಒಂದು ಪುಟ್ಟ ಸೀಸೆ ಗುಟ್ಟಾಗಿ ಮನೆಗೆ ಬರುತ್ತದೆ. ಹುಲ್ಲು ತುಂಬಿದ ಕರುವಿನ ಜಾಗಕ್ಕೆ ಸೂಜಿ ಬಂದಿದೆ. ಅದು ಹೊಸದಾಗಿ ಹಾಲು ಹುಟ್ಟಿಸುವುದಿಲ್ಲ, ಇರುವುದನ್ನು ಇಳಿಸುತ್ತದೆ ಅಷ್ಟೇ. ದಿನಾ ಚುಚ್ಚಿಸಿಕೊಂಡ ಹಸು ಕೊನೆಗೆ ಸೂಜಿಯಿಲ್ಲದೆ ಸೊರೆ ಬಿಡುವುದನ್ನೇ ಮರೆಯುತ್ತದೆ.

ಈಗ ಆ ತಾಯಂದಿರ ಪ್ರಶ್ನೆ. ಆಕ್ಸಿಟೋಸಿನ್ ಎನ್ನುವುದು ಪ್ರೋಟೀನಿನ ಜಾತಿಗೆ ಸೇರಿದ ತುಣುಕು. ಹಾಲಿನಲ್ಲಿ ಒಂದಿಷ್ಟು ಬಂದರೂ ಹೊಟ್ಟೆಗೆ ಹೋದ ಮೇಲೆ ಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ನುಂಗದೆ ಚುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ. ಹೆಣ್ಣುಮಕ್ಕಳನ್ನು ದೊಡ್ಡವರನ್ನಾಗಿ ಮಾಡುವ ಹಾರ್ಮೋನು ಇದಲ್ಲವೇ ಅಲ್ಲ. ಆ ಕೆಲಸ ಈಸ್ಟ್ರೊಜೆನ್ನಿನದು, ಅದಕ್ಕೆ ಅಪ್ಪಣೆ ಕೊಡುವುದು ನಮ್ಮ ಅದೇ ನೀರುಗಂಟಿ. ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿದೆ, ಇನ್ನು ತೂಬು ಎತ್ತಬಹುದು ಎಂಬ ಸುದ್ದಿಗೂ ಅದು ಕಾಯುತ್ತದೆ. ಯೂರೋಪಿನಲ್ಲಿ 1850ರ ಸುಮಾರಿಗೆ ಹುಡುಗಿಯರು 16-17 ವರ್ಷಕ್ಕೆ ದೊಡ್ಡವರಾಗುತ್ತಿದ್ದವರು ನೂರು ವರ್ಷದಲ್ಲಿ 13ಕ್ಕೆ ಇಳಿದರು. ಆಗ ಅಲ್ಲಿ ಹಸುವಿಗೆ ಚುಚ್ಚುವವರು ಯಾರಿದ್ದರು? ಹೊಟ್ಟೆ ತುಂಬ ಊಟ ಸಿಕ್ಕಿತು, ಕಾಯಿಲೆ ತಗ್ಗಿತು. ಎಂಟು ವರ್ಷಕ್ಕೆ ಮೊದಲೇ ಮೈ ಬದಲಾದರೆ ಡಾಕ್ಟರಿಗೆ ತೋರಿಸಬೇಕು. ಹಾಲು ಬಿಡಿಸಬೇಕಾಗಿಲ್ಲ. ಮೂಳೆ ಬೆಳೆಯುವ ವಯಸ್ಸಿನಲ್ಲಿ ಹುಡುಗಿಯ ಲೋಟ ಕಿತ್ತುಕೊಂಡು ಹುಡುಗನಿಗೆ ಕೊಡುವುದಕ್ಕೆ ವಿಜ್ಞಾನದ ಹೆಸರು ಹೇಳುವುದನ್ನು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಕಡೆಯಿಂದ ಬಂದಿತ್ತು. ಹೆತ್ತ ಕೂಡಲೇ ಗರ್ಭಕೋಶ ಬಿಗಿದುಕೊಳ್ಳದಿದ್ದರೆ ರಕ್ತ ನಿಲ್ಲುವುದಿಲ್ಲ. ಬಾಣಂತಿಯರ ಸಾವಿಗೆ ಲೋಕದಲ್ಲೆಲ್ಲ ಅದೇ ದೊಡ್ಡ ಕಾರಣ. ಅದಕ್ಕೇ ಮಗು ಹೊರಗೆ ಬಂದ ತಕ್ಷಣ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೋಲಾರದಲ್ಲಿ ಮಿಷನ್ನಿನವರ ಶತಮಾನ ದಾಟಿದ ಇ.ಟಿ.ಸಿ.ಎಂ. ಆಸ್ಪತ್ರೆ ಇರಲಿ, ತಾಲ್ಲೂಕಿನ ಸಣ್ಣ ಆರೋಗ್ಯ ಕೇಂದ್ರ ಇರಲಿ, ಹೆರಿಗೆ ಆಗುವಲ್ಲಿ ಈ ಸೀಸೆ ಇರಲೇಬೇಕು. ಹಸುವಿಗೆ ಚುಚ್ಚುವುದನ್ನು ತಡೆಯಲೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್ 27ರಂದು ಒಂದು ಅಧಿಸೂಚನೆ ಹೊರಡಿಸಿತು. ದೇಶದ ಬಳಕೆಗೆ ಇನ್ನು ಮುಂದೆ ಯಾವ ಖಾಸಗಿ ಕಂಪನಿಯೂ ಇದನ್ನು ತಯಾರಿಸುವ ಹಾಗಿಲ್ಲ, ಹೊರದೇಶದಿಂದ ತರಿಸುವ ಹಾಗೂ ಇಲ್ಲ. ಇಡೀ ಭಾರತದ ಬಾಣಂತಿಯರಿಗೆ ಒಂದೇ ಕಂಪನಿ, ನಮ್ಮ ಬೆಂಗಳೂರಿನ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್. ನಮ್ಮ ರಾಜ್ಯಕ್ಕೆ ಹೆಮ್ಮೆ ಎನ್ನೋಣವೆ? ಅಲ್ಲಿಯವರೆಗೆ ಈ ಔಷಧಿಯನ್ನು ತಯಾರಿಸಿಯೇ ಇರದ ಕಂಪನಿ ಅದು. ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿಟ್ಟು ಸಂತೆಗೆ ಹೊರುವ ಹೆಂಗಸು ನಮ್ಮ ಕಡೆ ಯಾರೂ ಇಲ್ಲ. ಡಾಕ್ಟರುಗಳು ಗಾಬರಿಯಾದರು. ಆಲ್ ಇಂಡಿಯಾ ಡ್ರಗ್ ಆಕ್ಷನ್ ನೆಟ್‌ವರ್ಕಿನವರು ಕೋರ್ಟಿಗೆ ಹೋದರು. ಜುಲೈ 1 ಎಂದಿದ್ದ ಗಡುವು ಸೆಪ್ಟೆಂಬರಿಗೆ ಸರಿಯಿತು. ಡಿಸೆಂಬರ್ 14ರಂದು ದೆಹಲಿ ಹೈಕೋರ್ಟು ಅಧಿಸೂಚನೆಯನ್ನೇ ರದ್ದು ಮಾಡಿತು. ಈ ನಿಷೇಧದಿಂದ ಹೆಂಗಸರಿಗೆ ಏನಾಗುತ್ತದೆ ಎಂದು ಸರ್ಕಾರ ಯೋಚಿಸಿಯೇ ಇಲ್ಲ, ವೈಜ್ಞಾನಿಕ ಆಧಾರವೂ ಇಲ್ಲ ಎಂಬುದು ತೀರ್ಪಿನ ತಿರುಳು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು.

ಅದೇ 2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು. ಹೈಕೋರ್ಟಿನ ತೀರ್ಪು ಬಂದ ಹನ್ನೊಂದು ದಿನಕ್ಕೆ, ಡಿಸೆಂಬರ್ 25ರಂದು, ಅವರು ತೀರಿಕೊಂಡರು. ಆಸ್ಪತ್ರೆ ದೂರವಿದ್ದ ಆ ಸೀಮೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿದ ಕೈ ಅದು. ಅವರ ಕಾಲದ ಸೂಲಗಿತ್ತಿಯರಿಗೆ ಈ ಸೀಸೆ ಎಲ್ಲಿತ್ತು?

ಮುಳಬಾಗಿಲಿನ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಾಗಿದ್ದಾಳೆ. ಹೋದಾಗ ಫ್ರಿಜ್ಜು ತೆಗೆದು ತೋರಿಸಿದಳು. 2ರಿಂದ 8 ಡಿಗ್ರಿಯೊಳಗೆ ಇಡಬೇಕಂತೆ, ಬಿಸಿಲಿಗೆ ಸಿಕ್ಕಿದರೆ ಮದ್ದಿನ ಕಸುವು ಹೋಗುತ್ತದೆ. ಕರೆಂಟು ಹೋದರೆ ಆ ಬಾಗಿಲು ಯಾರೂ ತೆಗೆಯಕೂಡದು ಎಂದು ಕಾವಲು ಕೂರುತ್ತಾಳಂತೆ.

"ಸೀಸೆ ನೋಡಿದ ಕೂಡ್ಲೇ ಅತ್ತೆಯಂದಿರು ಗಲಾಟೆ ಮಾಡ್ತಾರೆ ಮಿಸ್, ಹಸೂಗೆ ಚುಚ್ಚೋದನ್ನ ನಮ್ಮ ಸೊಸೇಗೆ ಯಾಕೆ ಚುಚ್ತೀಯಾ ಅಂತ. ಅವರ ಹತ್ರ ವಾದ ಮಾಡೋಕೆ ನಂಗೆಲ್ಲಿ ಟೈಮು? ಚುಚ್ಚೋದನ್ನ ಚುಚ್ಚಿ, ಮಗೂನ ಎದೆಗೆ ಹಾಕಿಬಿಡ್ತೀನಿ. ಅದು ಚೀಪಿದ್ರೆ ಇದೇ ಮದ್ದು ಒಳಗೇ ಊರುತ್ತೆ, ಹೊಟ್ಟೆ ನುಲಿಯುತ್ತೆ, ರಕ್ತ ನಿಲ್ಲುತ್ತೆ. ಆಮೇಲೆ ಅತ್ತೆಯಂದಿರನ್ನ ಕೂರಿಸ್ಕೊಂಡು ಹೇಳ್ತೀನಿ. ಕರು ಬಿಟ್ಟಾಗ ಹಸು ಸೊರೆ ಬಿಡಲ್ವಾ ಅಜ್ಜಿ ಅಂದ್ರೆ, ಬಿಡ್ತದೆ ಬಿಡ್ತದೆ ಅಂತಾರೆ."